ಗೋಳಾಕಾರದ ಗುಚ್ಛದ (ಲಕ್ಷಾಂತರ ಹಳೆಯ ನಕ್ಷತ್ರಗಳು ಚೆಂಡಿನ ಹಾಗೆ ಒತ್ತಾಗಿ ಸೇರಿದ ಕೂಟ) ನಕ್ಷತ್ರಗಳೆಲ್ಲ ಒಂದೇ ಅನಿಲದ ಮೋಡದಿಂದ ಹುಟ್ಟಿದ್ದರೆ, ಅವುಗಳಲ್ಲಿರುವ ಧಾತುಗಳೂ ಒಂದೇ ಥರ ಇರಬೇಕಲ್ವಾ?

ಇರಬೇಕು ಅಂತಲೇ ನಾನೂ ಬಹಳ ಕಾಲ ನಂಬಿದ್ದೆ. ಹಳೆಯ ಪಠ್ಯಗಳಲ್ಲಿ ಹಾಗೇ ಬರೆದಿರುತ್ತಿತ್ತು. ಆದರೆ ನೀವು ಯಾವ ಧಾತುವನ್ನು ಅಳೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಕಬ್ಬಿಣ ಅಳೆದರೆ ನಿಮ್ಮ ಮಾತು ಸರಿ. 47 ಟುಕಾನೆ ಗುಚ್ಛದಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಸುಮಾರು ಐದರಲ್ಲಿ ಒಂದು ಪಾಲು. ಎಂ 92ರಲ್ಲಿ ಸುಮಾರು ಇನ್ನೂರರಲ್ಲಿ ಒಂದು ಪಾಲು. ಗುಚ್ಛದಿಂದ ಗುಚ್ಛಕ್ಕೆ ಇಷ್ಟು ಅಂತರ ಇದ್ದರೂ, ಹೆಚ್ಚಿನ ಗುಚ್ಛಗಳ ಒಳಗೆ ನಕ್ಷತ್ರಗಳು ಬಹುತೇಕ ಸಮ.

ಸೋಡಿಯಂ, ಆಕ್ಸಿಜನ್ ಅಳೆದಾಗ ಲೆಕ್ಕ ತಪ್ಪುತ್ತದೆ. ಕೆಲವು ನಕ್ಷತ್ರಗಳು ಗುಚ್ಛದ ಹೊರಗಿನ ಹಳೆಯ ನಕ್ಷತ್ರಗಳ ಹಾಗೇ ಇವೆ. ಉಳಿದವುಗಳಲ್ಲಿ ಸೋಡಿಯಂ ಜಾಸ್ತಿ, ಆಕ್ಸಿಜನ್ ಕಮ್ಮಿ. ಹೈಡ್ರೋಜನ್ ಕೋಟಿಗಟ್ಟಲೆ ಡಿಗ್ರಿ ಬಿಸಿಯಲ್ಲಿ ಉರಿದಾಗ ಆಕ್ಸಿಜನ್ ಸವೆದು ನೈಟ್ರೋಜನ್ ಆಗುತ್ತದೆ, ನಿಯಾನ್ ಸೋಡಿಯಂ ಆಗುತ್ತದೆ. ಆ ಬೂದಿಯೇ ಇದು. ಮುಪ್ಪಿನಲ್ಲಿ ಉಬ್ಬಿದ ಕೆಂಪು ದೈತ್ಯ ನಕ್ಷತ್ರಗಳು ತಮ್ಮ ಒಡಲಿನದ್ದನ್ನೇ ಮೇಲಕ್ಕೆ ಕಲಕಿಕೊಂಡಿರಬಹುದು ಎಂಬ ವಾದವೂ ಇತ್ತು. ಆದರೆ 2001ರಲ್ಲಿ, ಇನ್ನೂ ದೈತ್ಯವಾಗದ ಚಿಕ್ಕ ನಕ್ಷತ್ರಗಳಲ್ಲೂ ಇದೇ ಗುರುತು ಸಿಕ್ಕಿತು. ಅವುಗಳ ಒಡಲಿಗೆ ಅಷ್ಟು ಬಿಸಿಯೇ ಇಲ್ಲ. ಅಂದರೆ ಬೂದಿ ಬೇರೆ ಕಡೆಯಿಂದ ಬಂದದ್ದು.

ನನ್ನನ್ನು ಪೂರ್ತಿ ಒಪ್ಪಿಸಿದ್ದು, ಹೈಡ್ರೋಜನ್ ಉರಿದಾಗ ಆಗುವ ಹೀಲಿಯಂ. ಒಮೆಗಾ ಸೆಂಟಾರಿ ಎಂಬ ಗುಚ್ಛದ ನಕ್ಷತ್ರಗಳ ಬಣ್ಣವನ್ನೂ ಹೊಳಪನ್ನೂ ಒಂದು ನಕ್ಷೆಯಲ್ಲಿ ಗುರುತಿಸಿದರೆ ಒಂದೇ ಗೆರೆ ಬರಬೇಕಿತ್ತು. 2004ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಆ ಗೆರೆ ಸ್ಪಷ್ಟವಾಗಿ ಎರಡಾಗಿತ್ತು. ಮರುವರ್ಷ ಇನ್ನೊಂದು ತಲೆನೋವು. ಕಬ್ಬಿಣ ಹೆಚ್ಚಿದ್ದರೆ ಗೆರೆ ಕೆಂಪಿನ ಕಡೆ ವಾಲಬೇಕು, ಇಲ್ಲಿ ನೀಲಿ ಗೆರೆಯಲ್ಲೇ ಕಬ್ಬಿಣ ಜಾಸ್ತಿ! ಅದಕ್ಕೆ ಹೊಂದುವ ವಿವರಣೆ ಒಂದೇ: ಆ ನಕ್ಷತ್ರಗಳ ತೂಕದಲ್ಲಿ ಹೀಲಿಯಂ ಪಾಲು ಮಾಮೂಲಿ 25% ಅಲ್ಲ, 40%ರ ಹತ್ತಿರ. 2007ರಲ್ಲಿ ಎನ್‌ಜಿಸಿ 2808 ಎಂಬ ಗುಚ್ಛದಲ್ಲಿ ಮೂರು ಗೆರೆಗಳೇ ಕಂಡವು.

ಬೂದಿ ಚೆಲ್ಲಿದ್ದು ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸೂಪರ್‌ನೋವಾ (ಸಿಡಿದು ಸಾಯುವ ನಕ್ಷತ್ರ) ಅಂತೂ ಅಲ್ಲ, ಆಗಿದ್ದರೆ ಕಬ್ಬಿಣವೂ ಏರುಪೇರಾಗುತ್ತಿತ್ತು. ಮುಪ್ಪಿನ ದೈತ್ಯಗಳು, ಗಿರಗಿರನೆ ತಿರುಗುವ ಭಾರಿ ನಕ್ಷತ್ರಗಳು, ಸೂರ್ಯನ ಸಾವಿರಾರು ಪಟ್ಟು ತೂಕದ ನಕ್ಷತ್ರಗಳು, ಹೀಗೆ ಶಂಕಿತರ ಪಟ್ಟಿ ಇದೆ. ನನಗೆ ಯಾವುದೂ ಸಮಾಧಾನ ಕೊಟ್ಟಿಲ್ಲ. ಹೆಚ್ಚಿನ ಗುಚ್ಛಗಳಲ್ಲಿ ಬೂದಿ ಬೆರೆತ ನಕ್ಷತ್ರಗಳೇ ಅರ್ಧಕ್ಕಿಂತ ಜಾಸ್ತಿ. ಅಷ್ಟು ಸರಕು ಎಲ್ಲಿಂದ ಬರಬೇಕು? ಅದಕ್ಕೇ ನಾನು 'ಮೊದಲ ತಲೆಮಾರು, ಎರಡನೇ ತಲೆಮಾರು' ಅನ್ನದೆ ಸುಮ್ನೆ 'ಗುಂಪುಗಳು' ಅಂತೀನಿ. ತಲೆಮಾರು ಅಂದ ಕೂಡಲೇ ಒಂದರಿಂದ ಇನ್ನೊಂದು ಹುಟ್ಟಿತು ಅಂತ ಒಪ್ಪಿಕೊಂಡ ಹಾಗಾಗುತ್ತದೆ.

ಇನ್ನೊಂದು ವಿಷಯ. ಒಮೆಗಾ ಸೆಂಟಾರಿಯನ್ನು ಎಲ್ಲ ಗುಚ್ಛಗಳ ಮಾದರಿ ಅಂದುಕೊಳ್ಳಬೇಡಿ. ಅದರಲ್ಲಿ ಕಬ್ಬಿಣವೂ ನಕ್ಷತ್ರದಿಂದ ನಕ್ಷತ್ರಕ್ಕೆ ಬದಲಾಗುತ್ತದೆ. ನಮ್ಮ ಹಾಲುಹಾದಿ ನುಂಗಿದ ಯಾವುದೋ ಪುಟ್ಟ ಗೆಲಾಕ್ಸಿಯ ತಿರುಳು ಅದಾಗಿರಬಹುದು ಎಂದು ತುಂಬಾ ಜನ ಖಗೋಳಜ್ಞರು ಹೇಳುತ್ತಾರೆ.