ಪ್ರಶ್ನೋತ್ತರ: ನ್ಯಾಸ್‌ಗೆ ಇನ್ನಷ್ಟು ರ‍್ಯಾಮ್ ಬೇಕೇ?

ರೌಟರ್‌ಗೆ ಜೋಡಿಸಿ ಮನೆಮಂದಿಯೆಲ್ಲ ಫೋಟೊ, ಕಡತ ಇಡುವ ನ್ಯಾಸ್ ಪೆಟ್ಟಿಗೆಯ ಬಗ್ಗೆ ಈ ಸಲ ಹೆಚ್ಚು ಪ್ರಶ್ನೆಗಳು ಬಂದಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ನಮ್ಮಲ್ಲಿ ‘ಮೆಮೊರಿ ಫುಲ್’ ಎಂದರೆ ಜಾಗ ಮುಗಿಯಿತು ಎಂದರ್ಥ. ಆ ಕಾಯಿಲೆಗೆ ಮದ್ದು ದೊಡ್ಡ ಡಿಸ್ಕ್. ಕೆಳಗಿನ ಮಾತೆಲ್ಲ, ಓಡುತ್ತಿರುವ ಪ್ರೋಗ್ರಾಂಗಳು ಆ ಹೊತ್ತಿಗೆ ಬಳಸುವ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಕುರಿತದ್ದು.

ಪ್ರಶ್ನೆ: ಸಿನಾಲಜಿ ಡಿಎಸ್224+ ಇದೆ. 2 ಜಿಬಿ ರ‍್ಯಾಮ್, 4 ಟಿಬಿಯ ಎರಡು ಡಿಸ್ಕ್. ನಾಲ್ಕು ಫೋನುಗಳ ಫೋಟೊ ಅದರಲ್ಲೇ ಸೇರುತ್ತವೆ. ರ‍್ಯಾಮ್ ಬಳಕೆ ಸದಾ ಶೇ 60–70 ಎಂದು ತೋರಿಸುತ್ತದೆ. ಇನ್ನೊಂದು 4 ಜಿಬಿ ಹಾಕಿಸಲೇ?
– ಮೈಸೂರಿನ ಓದುಗರು

ಉತ್ತರ: ಆ ಶೇಕಡಾ ಅಂಕಿಯೊಂದನ್ನೇ ನಂಬಿ ದುಡ್ಡು ಬಿಚ್ಚಬೇಡಿ. ‘ರಿಸೋರ್ಸ್ ಮಾನಿಟರ್’ ತೆರೆದು ಮೆಮೊರಿ ಪುಟಕ್ಕೆ ಹೋಗಿ. ಬಳಕೆಯಲ್ಲಿರುವುದು, ಕ್ಯಾಶ್, ಖಾಲಿ ಇರುವುದು ಅಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಖಾಲಿ ಬರೀ 100 ಎಂಬಿ ಇದ್ದರೂ ಗಾಬರಿ ಬೇಡ. ಒಳಗೆ ಓಡುತ್ತಿರುವುದು ಲಿನಕ್ಸ್. ಸುಮ್ಮನೆ ಬಿದ್ದಿರುವ ರ‍್ಯಾಮ್‌ನಲ್ಲಿ ಅದು ಈಚೆಗೆ ಓದಿದ ಕಡತಗಳನ್ನು ಇಟ್ಟುಕೊಂಡಿರುತ್ತದೆ, ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಇದೇ ಕ್ಯಾಶ್.

ನೋಡಬೇಕಾದದ್ದು ಸ್ವಾಪ್. ರ‍್ಯಾಮ್ ಸಾಲದೇ ಹೋದಾಗ ಒಂದಷ್ಟು ಮಾಹಿತಿಯನ್ನು ಡಿಸ್ಕ್‌ಗೆ ಸಾಗಹಾಕಿ, ಬೇಕಾದಾಗ ವಾಪಸ್ ತರುವ ಕೆಲಸ ಅದು. ರ‍್ಯಾಮ್‌ನಿಂದ ಓದಲು ನ್ಯಾನೊಸೆಕೆಂಡುಗಳು ಸಾಕು. ತಿರುಗುವ ಡಿಸ್ಕ್‌ನಲ್ಲಿ ಅದೇ ಕೆಲಸಕ್ಕೆ ಹತ್ತು ಮಿಲಿಸೆಕೆಂಡಿನಷ್ಟು ಬೇಕು. ಅದಕ್ಕೇ ಸ್ವಾಪ್ ಜೋರಾದಾಗ ಲಾಗಿನ್ ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆ, ಯಾರೂ ಏನೂ ಕಾಪಿ ಮಾಡದಿದ್ದರೂ ಡಿಸ್ಕ್ ಕಟಕಟ ಎನ್ನುತ್ತಲೇ ಇರುತ್ತದೆ. ಸ್ವಾಪ್‌ನಲ್ಲಿ 200–300 ಎಂಬಿ ಕೂತಿದ್ದು, ಆ ಅಂಕಿ ಅಲುಗಾಡದೆ ಇದ್ದರೆ ತೊಂದರೆಯಿಲ್ಲ. ಎಂದೋ ಒಮ್ಮೆ ಬೇಕಾಗಿದ್ದ ಸರಕು ಅದು, ಅಲ್ಲೇ ಬಿದ್ದಿರಲಿ. ಪೆಟ್ಟಿಗೆ ನಿಧಾನವಾದ ಹೊತ್ತಿನಲ್ಲೇ ಸ್ವಾಪ್ ಏರುತ್ತಿದ್ದರೆ, ಒಳಗೆ ಹೊರಗೆ ಓಡಾಟ ನಡೆಯುತ್ತಿದ್ದರೆ, ರ‍್ಯಾಮ್ ಸಾಲುತ್ತಿಲ್ಲ ಎಂದು ತಿಳಿಯಿರಿ. ನಿಧಾನವಾದಾಗ ಸ್ವಾಪ್ ತಣ್ಣಗಿದ್ದು ಸಿಪಿಯು ಶೇ 100 ಮುಟ್ಟಿದ್ದರೆ ರ‍್ಯಾಮ್ ಹಾಕಿಸಿ ಪ್ರಯೋಜನವಿಲ್ಲ.

ಅಳೆಯುವ ಹೊತ್ತೂ ಮುಖ್ಯ. ಸಾವಿರಾರು ಫೋಟೊ ಮೊದಲ ಸಲ ತುಂಬಿದಾಗ ಚಿಕ್ಕ ಚಿತ್ರ ತಯಾರಿಸುವುದು, ಮುಖ ಗುರುತಿಸುವುದು ದಿನಗಟ್ಟಲೆ ನಡೆಯುತ್ತದೆ. ಆಗ ಯಾವ ಪೆಟ್ಟಿಗೆಯೂ ಏದುಸಿರು ಬಿಡುತ್ತದೆ. ಅದು ಮುಗಿಯಲಿ. ರಿಸೋರ್ಸ್ ಮಾನಿಟರ್‌ನ ಸೆಟ್ಟಿಂಗ್ಸ್‌ನಲ್ಲಿ ಬಳಕೆಯ ಇತಿಹಾಸ ದಾಖಲಿಸುವ ಆಯ್ಕೆ ಇದೆ, ಅದನ್ನು ಚಾಲೂ ಮಾಡಿ ಒಂದು ವಾರ ಬಿಡಿ. ಬಳಿಕ ‘ಟಾಸ್ಕ್ ಮ್ಯಾನೇಜರ್’ ತೆರೆದು ಯಾವ ಸೇವೆ ಎಷ್ಟು ನುಂಗುತ್ತಿದೆ ನೋಡಿ. ಟಿವಿಗೆ ವಿಡಿಯೊ ಹರಿಸದವರ ಪೆಟ್ಟಿಗೆಯಲ್ಲಿ ಮೀಡಿಯಾ ಸರ್ವರ್, ಎಂದೂ ತೆರೆಯದ ಆಂಟಿವೈರಸ್ ಇಂಥವು ಇದ್ದರೆ ತೆಗೆದುಹಾಕಿ. ಕಂಟ್ರೋಲ್ ಪ್ಯಾನೆಲ್‌ನ ‘ಹಾರ್ಡ್‌ವೇರ್ ಅಂಡ್ ಪವರ್’ನಲ್ಲಿ ಮೆಮೊರಿಯಲ್ಲಿರುವುದನ್ನು ಕುಗ್ಗಿಸಿಡುವ ಮೆಮೊರಿ ಕಂಪ್ರೆಶನ್‌ಗೆ ಟಿಕ್ ಹಾಕಿ. ಇದಕ್ಕೆಲ್ಲ ಖರ್ಚಿಲ್ಲ.

ನಾಲ್ಕು ಫೋನುಗಳ ಫೋಟೊ, ಕಡತ ಹಂಚಿಕೆ ಇಷ್ಟಕ್ಕೇ ಆದರೆ 2 ಜಿಬಿ ಸಾಕಾಗುತ್ತದೆ. ಕಂಟೇನರ್‌ಗಳ (ಪ್ರತ್ಯೇಕವಾಗಿ ಪೊಟ್ಟಣ ಕಟ್ಟಿದ ಪ್ರೋಗ್ರಾಂಗಳು) ಹುಚ್ಚು ಹತ್ತಿದರೆ ಲೆಕ್ಕ ಬೇರೆ. ಪೈ-ಹೋಲ್‌ನಂಥ ಜಾಹೀರಾತು ತಡೆಯುವ ಚಿಕ್ಕದು ಹೇಗೋ ಹಿಡಿದೀತು. ಫೋಟೊ ಜೋಡಿಸಿಡುವ ಇಮ್ಮಿಚ್‌ನಂಥದನ್ನು 2 ಜಿಬಿಯಲ್ಲಿ ಹಾಕಲೇಬೇಡಿ. ಪೆಟ್ಟಿಗೆಯೊಳಗೇ ಓಡುವ ಮತ್ತೊಂದು ಕಂಪ್ಯೂಟರಿನಂಥ ವರ್ಚುವಲ್ ಮಷೀನ್ ಇನ್ನೂ ಹೊಟ್ಟೆಬಾಕ: 1 ಜಿಬಿ ಕೊಟ್ಟರೆ ಆ 1 ಜಿಬಿ ಅದರದ್ದೇ.

ಪ್ರಶ್ನೆ: ಅದೇ ಮಾದರಿ ನಮ್ಮಲ್ಲೂ ಇದೆ. ಹಾಕುವುದೆಂದು ತೀರ್ಮಾನಿಸಿದ್ದೇವೆ. ಹಳೆಯ ಲ್ಯಾಪ್‌ಟಾಪ್‌ನ ರ‍್ಯಾಮ್ ಆಗುತ್ತದೆಯೇ? 4 ಜಿಬಿಯ ಬದಲು 16 ಹಾಕಿದರೆ?
– ಬೆಂಗಳೂರಿನ ಓದುಗರು

ಉತ್ತರ: ಡಿಎಸ್224+ಗೆ ಬೇಕಾದದ್ದು ಡಿಡಿಆರ್4 ಎಸ್‌ಒ-ಡಿಮ್ (ಲ್ಯಾಪ್‌ಟಾಪ್ ಅಳತೆಯ ಕಡ್ಡಿ), ಇಸಿಸಿ (ತಪ್ಪನ್ನು ತಾನೇ ತಿದ್ದುವ ಬಗೆ) ಅಲ್ಲದ್ದು, 1.2 ವೋಲ್ಟಿನದು, 260 ಪಿನ್ನಿನದು. ಡಿಡಿಆರ್4 ಇರುವ ಲ್ಯಾಪ್‌ಟಾಪ್‌ನದು ಕೂರುತ್ತದೆ. ಡಿಡಿಆರ್3ಎಲ್‌ಗೆ 204 ಪಿನ್, ಡಿಡಿಆರ್5ಗೆ 262, ಕಚ್ಚಿನ ಜಾಗವೂ ಬೇರೆ. ಅವು ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ. ಚೀಟಿಯ ಮೇಲೆ 2666 ಅಥವಾ 3200 ಎಂದಿದ್ದರೂ ಅದು ಪ್ರೊಸೆಸರ್ ಒಪ್ಪುವ ಕಡಿಮೆ ವೇಗಕ್ಕೆ ಇಳಿದು ಓಡುತ್ತದೆ. ಹೆಚ್ಚು ವೇಗದ್ದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ.

ಬೋರ್ಡಿಗೇ ಬೆಸೆದ 2 ಜಿಬಿಯ ಜೊತೆಗೆ ಖಾಲಿ ಸ್ಲಾಟ್ ಒಂದೇ. ಕಂಪನಿ ಹೇಳುವ ಮಿತಿ 2+4, ಒಟ್ಟು 6 ಜಿಬಿ. ಒಳಗಿರುವ ಸೆಲೆರಾನ್ ಜೆ4125ಗೆ ಇಂಟೆಲ್ ಹೇಳುವ ಮಿತಿ 8 ಜಿಬಿ. 8, 16 ಜಿಬಿ ಹಾಕಿ ಓಡಿಸುವವರು ಇದ್ದಾರೆ, ಆದರೆ ಪೆಟ್ಟಿಗೆ ಕೈಕೊಟ್ಟಾಗ ಕಂಪನಿಯವರು ಮೊದಲು ಹೇಳುವುದು ‘ಆ ಕಡ್ಡಿ ತೆಗೆಯಿರಿ’ ಎಂದೇ. ಮನೆಯ ಫೋಟೊಗಳೆಲ್ಲ ಇರುವ ಪೆಟ್ಟಿಗೆಯಲ್ಲಿ ಇಂಥ ಪ್ರಯೋಗ ನಮಗೆ ಸರಿಕಾಣದು. 4 ಜಿಬಿಯದು ಹಾಕಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಬಳಸಿದ ಕಡ್ಡಿ ಕೊಳ್ಳುವುದಾದರೆ ಬದಲಿಸಿಕೊಡುವ ಮಾತು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕವಚ ಬಿಚ್ಚುವ ಕೆಲಸವಿಲ್ಲ. ಬ್ಯಾಕಪ್ ಆಗಿದೆಯೇ ನೋಡಿಕೊಂಡು, ಡಿಎಸ್‌ಎಂ (ಪೆಟ್ಟಿಗೆಯ ಕಾರ್ಯವ್ಯವಸ್ಥೆ) ಒಳಗಿನಿಂದಲೇ ಶಟ್‌ಡೌನ್ ಮಾಡಿ. ದೀಪ ಆರಿದ ಮೇಲೆ ವಿದ್ಯುತ್, ನೆಟ್‌ವರ್ಕ್ ಎರಡೂ ವೈರು ಕೀಳಿ. ಡಿಸ್ಕ್ ಟ್ರೇಗಳನ್ನು ಹೊರಗೆ ಎಳೆಯುವಾಗ ಎಡದ್ದಕ್ಕೆ 1, ಬಲದ್ದಕ್ಕೆ 2 ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಬೀರುವಿನಂಥ ದೊಡ್ಡ ಲೋಹವನ್ನು ಒಮ್ಮೆ ಮುಟ್ಟಿ, ಮೈಯ ಸ್ಥಿರವಿದ್ಯುತ್ ಇಳಿದುಹೋಗಲಿ. ಈಗ ಡಿಸ್ಕ್ ಗೂಡಿನೊಳಗೆ ಟಾರ್ಚ್ ಬಿಟ್ಟರೆ ಸ್ಲಾಟ್ ಕಾಣುತ್ತದೆ. ಕಡ್ಡಿಯನ್ನು ಅಂಚಿನಲ್ಲೇ ಹಿಡಿದು, ಕಚ್ಚಿಗೆ ಕಚ್ಚು ಸೇರಿಸಿ, ಸ್ವಲ್ಪ ಓರೆಯಾಗಿ ಒಳಗೆ ತಳ್ಳಿ. ಚಿನ್ನದ ಬಣ್ಣದ ಹಲ್ಲುಗಳು ಹೆಚ್ಚುಕಡಿಮೆ ಮರೆಯಾದ ಮೇಲೆ ‘ಕ್ಲಿಕ್’ ಎನ್ನುವವರೆಗೆ ಒತ್ತಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಲ್ಲು ಪೂರ್ತಿ ಒಳಹೋಗದೆ ಕೊಂಡಿ ಮಾತ್ರ ಸಿಕ್ಕಿಕೊಂಡಿರುತ್ತದೆ. ಆಗ ಪೆಟ್ಟಿಗೆಯ ನೀಲಿ ದೀಪ ಮಿಣುಕುತ್ತಲೇ ಇದ್ದು, ಹತ್ತು ನಿಮಿಷವಾದರೂ ಸ್ಥಿರವಾಗುವುದಿಲ್ಲ. ವಿದ್ಯುತ್ ತೆಗೆದು, ಕಡ್ಡಿ ಕಳಚಿ, ಅದಿಲ್ಲದೆ ಒಮ್ಮೆ ಚಾಲೂ ಮಾಡಿ. ಬೆಸೆದ 2 ಜಿಬಿಯಲ್ಲೇ ಎದ್ದರೆ ಪೆಟ್ಟಿಗೆ ಚೆನ್ನಾಗಿದೆ, ದೋಷ ಕಡ್ಡಿಯದು ಅಥವಾ ಕೂರಿಸಿದ್ದರದು. ಎಲ್ಲ ಸರಿಯಾದರೆ ‘ಇನ್ಫೋ ಸೆಂಟರ್’ನಲ್ಲಿ 6 ಜಿಬಿ ಕಾಣುತ್ತದೆ. ಅಷ್ಟಕ್ಕೇ ಬಿಡದೆ ಕಂಪ್ಯೂಟರಿನಲ್ಲಿ ಸಿನಾಲಜಿ ಅಸಿಸ್ಟೆಂಟ್ ಹಾಕಿಕೊಂಡು ಮೆಮೊರಿ ಪರೀಕ್ಷೆ ನಡೆಸಿ, ರಾತ್ರಿ ಬಿಟ್ಟು ಮಲಗಿ. ಕೆಟ್ಟ ರ‍್ಯಾಮ್ ಇದ್ದರೆ ಕಡತ ಡಿಸ್ಕ್‌ಗೆ ಇಳಿಯುವ ಮೊದಲೇ ಹಾಳಾಗಬಹುದು, ಅದು ಗೊತ್ತಾಗುವುದು ತಿಂಗಳುಗಳ ಮೇಲೆ.

ಕರೆಂಟು ಹೋಗಿ ಬರುವ ಊರಾದರೆ ಆ ದುಡ್ಡಿನಲ್ಲಿ ಮೊದಲು ಯುಪಿಎಸ್ ಕೊಳ್ಳಿ. ಡಿಸ್ಕ್‌ಗೆ ಇನ್ನೂ ಇಳಿಯದ ಬರಹ ರ‍್ಯಾಮ್‌ನಲ್ಲೇ ಇರುತ್ತದೆ, ದಿಢೀರನೆ ಕತ್ತಲಾದರೆ ಹೋಯಿತು. ಯುಎಸ್‌ಬಿ ವೈರಿನಲ್ಲಿ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವಂಥದ್ದನ್ನೇ ಆರಿಸಿ, ಬ್ಯಾಟರಿ ಇಳಿಯುವ ಮೊದಲು ಪೆಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ಕಡತ ಕಾಪಿ ಮಾಡುವಾಗ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ರ‍್ಯಾಮ್ ಹೆಚ್ಚಿಸಿದರೆ ವೇಗ ಬರುತ್ತದೆಯೇ?
– ಶಿವಮೊಗ್ಗದ ಓದುಗರು

ಉತ್ತರ: ಇಲ್ಲ. 11 ಎಂಬ ಅಂಕಿಯೇ ಕಾರಣ ಹೇಳುತ್ತಿದೆ: ದಾರಿಯಲ್ಲೆಲ್ಲೋ 100 ಮೆಗಾಬಿಟ್‌ನ ಕೊಂಡಿ ಇದೆ. ಗಿಗಾಬಿಟ್ ಇದ್ದರೆ ದೊಡ್ಡ ಕಡತ ಸುಮಾರು 110 ಎಂಬಿ ವೇಗದಲ್ಲಿ ಹೋಗಬೇಕು. ಇಂಟರ್‌ನೆಟ್ ಕಂಪನಿ ಕೊಟ್ಟ ರೌಟರಿನ ಪೋರ್ಟುಗಳು 100ರವೇ ಎಂದು ನೋಡಿ. ಅಲ್ಲವಾದರೆ ವೈರು ನೋಡಿ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಂದು ತಂತಿಯ ಕ್ರಿಂಪ್ ಸಡಿಲವಾದರೂ ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದುಕೊಳ್ಳಬಹುದು. ಕ್ಯಾಟ್5ಇ ಅಥವಾ ಕ್ಯಾಟ್6ರ ಹೊಸ ವೈರು ಹಾಕಿ ನೋಡಿ.

ಪ್ರಶ್ನೆ: ಡಿಎಸ್223ಜೆ, 1 ಜಿಬಿ. ಹೆಚ್ಚಿಸಬಹುದೇ?
– ಉಡುಪಿಯ ಓದುಗರು

ಉತ್ತರ: ಸಾಧ್ಯವಿಲ್ಲ, ಸ್ಲಾಟೇ ಇಲ್ಲ. ಕಡತ ಹಂಚಿಕೆ, ಬ್ಯಾಕಪ್ ಬಿಟ್ಟು ಉಳಿದ ಪ್ಯಾಕೇಜುಗಳನ್ನು ಕಡಿಮೆ ಮಾಡಿ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ಗೆ ಅದನ್ನು ನ್ಯಾಸ್ ಆಗಿಸುವ ಟ್ರೂನ್ಯಾಸ್ ತಂತ್ರಾಂಶ ಹಾಕಿದ್ದೇನೆ. 8 ಜಿಬಿ ರ‍್ಯಾಮ್, 4 ಟಿಬಿಯ ನಾಲ್ಕು ಡಿಸ್ಕ್. ‘ಟಿಬಿಗೆ 1 ಜಿಬಿ’ ಲೆಕ್ಕದಲ್ಲಿ 16 ಬೇಕೆನ್ನುತ್ತಾರೆ. ನಿಜವೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಟ್ರೂನ್ಯಾಸ್ ಕೇಳುವ ಕನಿಷ್ಠವೇ 8 ಜಿಬಿ. ‘ಟಿಬಿಗೆ 1 ಜಿಬಿ’ ಎಂಬುದು ಸ್ಥೂಲ ಲೆಕ್ಕ, ಇಬ್ಬರು ಮೂವರು ಬಳಸುವ ಮನೆಗೆ ಅದು ಕಟ್ಟಳೆಯಲ್ಲ. ಝಡ್‌ಎಫ್‌ಎಸ್ (ಟ್ರೂನ್ಯಾಸ್‌ನ ಕಡತ ವ್ಯವಸ್ಥೆ) ತನ್ನ ಆರ್ಕ್ ಎಂಬ ಕ್ಯಾಶ್‌ಗೆಂದು ಸಿಕ್ಕಷ್ಟು ರ‍್ಯಾಮ್ ತೆಗೆದುಕೊಳ್ಳುತ್ತದೆ, ಹಾಗಾಗಿ ತುಂಬಿದಂತೆ ಕಂಡರೆ ಅದು ಸಹಜ. ‘ರಿಪೋರ್ಟಿಂಗ್’ನಲ್ಲಿ ಆರ್ಕ್ ಹಿಟ್ ಪ್ರಮಾಣ (ಕೇಳಿದ್ದು ಕ್ಯಾಶ್‌ನಲ್ಲೇ ಸಿಗುವ ಪಾಲು) ಶೇ 90ರ ಮೇಲಿದ್ದರೆ ಸುಮ್ಮನಿರಿ. ಆ್ಯಪ್‌ಗಳನ್ನೂ ಓಡಿಸುವುದಾದರೆ 16 ಮಾಡಿಸಿ.

ಡಿಡ್ಯೂಪ್ (ಒಂದೇ ಮಾಹಿತಿ ಎರಡೆರಡು ಸಲ ಬಂದರೂ ಒಮ್ಮೆಯೇ ಉಳಿಸುವ ಸೌಲಭ್ಯ) ಮಾತ್ರ ಚಾಲೂ ಮಾಡಬೇಡಿ. 1 ಟಿಬಿಯನ್ನು 128 ಕೆಬಿ ತುಂಡುಗಳಾಗಿಸಿದರೆ ಸುಮಾರು 84 ಲಕ್ಷ ತುಂಡುಗಳು, ತುಂಡಿಗೆ 320 ಬೈಟ್‌ನಂತೆ ಪಟ್ಟಿಗೇ 2.7 ಜಿಬಿ ರ‍್ಯಾಮ್ ಬೇಕು. ನಿಮ್ಮ ಡಿಸ್ಕ್‌ಗಳಿಗೆ 16 ಕೂಡ ಸಾಲದು.

ಕೊಳ್ಳುವಾಗ ಚೀಟಿ ಓದಿ. ಅಗ್ಗಕ್ಕೆ ಸಿಗುವ ಸರ್ವರ್ ರ‍್ಯಾಮ್ ಸಾಮಾನ್ಯವಾಗಿ ‘ರಿಜಿಸ್ಟರ್ಡ್’ ಬಗೆಯದು. ಡಿಡಿಆರ್4 ಆದರೆ ಅದಕ್ಕೂ ಡೆಸ್ಕ್‌ಟಾಪ್ ಕಡ್ಡಿಗೂ 288 ಪಿನ್ನೇ, ಸ್ಲಾಟಿನಲ್ಲಿ ಸಲೀಸಾಗಿ ಕೂತುಬಿಡುತ್ತದೆ, ಆದರೆ ಯಂತ್ರ ಏಳುವುದಿಲ್ಲ.