ರೆಡಿಮೇಡ್ ಫೈರ್ ರಿಪೋರ್ಟ್ ಕೇಳಬೇಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

‘ಸರ್, ಫೈರ್ ರಿಸ್ಕ್ ಅಸೆಸ್‌ಮೆಂಟ್‌ಗೆ ಒಂದು ಫಾರ್ಮ್ಯಾಟ್ ಇದ್ರೆ ಕಳಿಸಿ.’ ಕಟ್ಟಡದಲ್ಲಿ ಬೆಂಕಿಯ ಅಪಾಯ ಎಲ್ಲೆಲ್ಲಿದೆ ಅಂತ ನೋಡಿ ಬರೆದಿಡುವ ರಿಪೋರ್ಟಿನ ಬಗ್ಗೆ ಈ ಪ್ರಶ್ನೆ ಬಿಟ್ಟೂ ಬಿಡದೆ ಬರುತ್ತಿದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಬೆಂಕಿ ಆರಿಸುವ ಸಿಲಿಂಡರ್‌ನ ಪಿನ್ ಹೇಗೆ ಎಳೆಯಬೇಕು, ಲಿಫ್ಟ್ ಯಾಕೆ ಬಳಸಬಾರದು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಕಟ್ಟಡ ನಡೆಸುವವರಿಗೆ ಅಷ್ಟಾದರೂ ಗೊತ್ತಿರಬೇಕು.

ಪ್ರಶ್ನೆ: ನಮ್ಮದು ಆರು ಮಹಡಿಯ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಆಫೀಸುಗಳು. ಚೆಕ್‌ಲಿಸ್ಟ್ ಪೂರ್ತಿ ತುಂಬಿದ್ದೇವೆ, ಎಲ್ಲ ಕಡೆ ‘ಹೌದು’ ಅಂತಲೇ ಟಿಕ್ ಇದೆ. ರಿಸ್ಕ್ ಸ್ಕೋರ್ ಕೂಡ ಕಡಿಮೆ ಬಂದಿದೆ. ಆದರೂ ಆಡಿಟ್‌ನವರು ರಿಪೋರ್ಟ್ ವಾಪಸ್ ಕಳಿಸಿದ್ದಾರೆ. ಸರಿಯಾದ ಫಾರ್ಮ್ಯಾಟ್ ಯಾವುದು?

ಉತ್ತರ: ಫಾರ್ಮ್ಯಾಟ್ ಸರಿಯಾಗೇ ಇದೆ. ಅದರೊಳಗೆ ನಿಮ್ಮ ಕಟ್ಟಡವೇ ಇಲ್ಲ. ನೀವು ಕಳಿಸಿದ ಪ್ರತಿಯಲ್ಲಿ ‘ತುರ್ತು ದಾರಿಗಳು ತೃಪ್ತಿಕರ’ ಅಂತ ಒಂದು ಸಾಲಿದೆ. ಯಾವ ದಾರಿ? ಯಾರು ನೋಡಿದರು? ಯಾವ ಹೊತ್ತಿನಲ್ಲಿ? ಒಂದು ಕೆಲಸ ಮಾಡಿ. ರಿಪೋರ್ಟಿನಲ್ಲಿ ನಿಮ್ಮ ಕಟ್ಟಡದ ಹೆಸರು ಅಳಿಸಿ ಪಕ್ಕದ ಕಟ್ಟಡದ ಹೆಸರು ಬರೆಯಿರಿ. ಆಗ ಒಂದು ಸಾಲೂ ಸುಳ್ಳಾಗದಿದ್ದರೆ ಅದು ಯಾವ ಕಟ್ಟಡದ ರಿಪೋರ್ಟೂ ಅಲ್ಲ. ವಾಪಸ್ ಕಳಿಸಿದವರು ಒಳ್ಳೆಯದೇ ಮಾಡಿದ್ದಾರೆ.

ಮೊದಲು ನಡೆಯಬೇಕು. ಬೆಳಿಗ್ಗೆ ಬೇಗ, ನೆಲ ಒರೆಸಿ ಎಲ್ಲ ಒಪ್ಪವಾಗಿರುವಾಗ ಅಲ್ಲ. ಜನ ತುಂಬಿರುವಾಗ ಒಂದು ಸಲ, ಕತ್ತಲಾದ ಮೇಲೆ ಶುಚಿ ಮಾಡುವವರು, ಸೆಕ್ಯುರಿಟಿಯವರು ಮಾತ್ರ ಇರುವಾಗ ಇನ್ನೊಂದು ಸಲ, ಯಾಕೆಂದರೆ ಹಗಲಲ್ಲಿ ತೆರೆದಿರುವ ಎಷ್ಟೋ ಬಾಗಿಲಿಗೆ ರಾತ್ರಿ ಬೀಗ ಬಿದ್ದಿರುತ್ತದೆ. ಅತಿ ದೂರದ ಮೂಲೆಯ ಕುರ್ಚಿಯಿಂದ ಹೊರಟು ರಸ್ತೆ ತಲುಪುವವರೆಗೆ ನಡೆಯಿರಿ. ಗ್ರೌಂಡ್ ಫ್ಲೋರ್ ಬಂತು ಅಂತ ನಿಲ್ಲಬೇಡಿ. ಮೆಟ್ಟಿಲು ಇಳಿದವರು ಪಾರ್ಕಿಂಗ್ ಒಳಗೋ ಬೀಗ ಹಾಕಿದ ಗೇಟಿನ ಮುಂದೋ ಬಂದು ನಿಂತರೆ ಅದು ದಾರಿಯಲ್ಲ. ಪ್ರತಿ ಬಾಗಿಲನ್ನೂ ಕೈಯಾರೆ ತಳ್ಳಿ ನೋಡಿ.

ಆಮೇಲೆ ತಲೆ ಎತ್ತಿ. ಫಾಲ್ಸ್ ಸೀಲಿಂಗ್‌ನ ಹಲಗೆ ಎತ್ತಿ, ಟಾರ್ಚ್ ಬಿಟ್ಟು ಗೋಡೆಯಲ್ಲಿ ತೂತುಗಳಿವೆಯಾ ನೋಡಿ. ಬೆಂಕಿಯಲ್ಲಿ ಜನ ಹೆಚ್ಚಾಗಿ ಸಾಯುವುದು ಸುಟ್ಟು ಅಲ್ಲ, ಹೊಗೆ ಕುಡಿದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇದ್ದೇ ಇರುತ್ತದೆ. ಸೋಫಾ, ಕುರ್ಚಿಯ ಫೋಮ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ ಸೇರುತ್ತದೆ. ಆ ಹೊಗೆಗೆ ಬಾಗಿಲು ಬೇಕಿಲ್ಲ. ಇಂಟರ್‌ನೆಟ್ ಕೇಬಲ್ ಎಳೆದವನು ಗೋಡೆಗೆ ಕೊರೆದ ತೂತು ಸಾಕು. ಆ ತೂತಿಗೆ ಸುಮ್ನೆ ಹಳದಿ ಪಿಯು (ಪಾಲಿಯುರೆಥೇನ್) ಫೋಮ್ ಊದಿ ‘ಸೀಲ್ ಮಾಡಿದ್ದೇವೆ’ ಅಂತ ಬರೆಯುವ ಗುತ್ತಿಗೆದಾರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಮಾನ್ಯ ಪಿಯು ಫೋಮ್ ಸ್ವತಃ ಉರಿಯುವ ವಸ್ತು. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರ್ರಿ ಅಣುಸ್ಥಾವರದಲ್ಲಿ ಗೋಡೆಯ ಕೇಬಲ್ ತೂತಿನಲ್ಲಿ ಗಾಳಿ ಸೋರುತ್ತಿದೆಯಾ ಅಂತ ಮೇಣದಬತ್ತಿ ಹಿಡಿದು ನೋಡಿದರು. ಫೋಮ್ ಹೊತ್ತಿಕೊಂಡಿತು. ಬೆಂಕಿ ಆರುವಷ್ಟರಲ್ಲಿ 1,600ಕ್ಕೂ ಹೆಚ್ಚು ಕೇಬಲ್ ಹಾಳಾಗಿದ್ದವು. ಅಣುಸ್ಥಾವರದ ಗತಿಯೇ ಹೀಗಾದರೆ ನಿಮ್ಮ ಸರ್ವರ್ ರೂಮು ಯಾವ ಲೆಕ್ಕ? ಬೆಂಕಿ ತಡೆಯಲೆಂದೇ ಮಾಡಿ, ಪರೀಕ್ಷಿಸಿ ಪಾಸಾದ ಸಾಮಗ್ರಿಯನ್ನೇ ಕೇಳಿ. ಅದು ಯಾವ ಗೋಡೆಗೆ, ಎಷ್ಟು ಹೊತ್ತಿನ ತಡೆಗೆ ಅನ್ನುವ ಕಾಗದವನ್ನು ರಿಪೋರ್ಟಿಗೆ ಸೇರಿಸಿ.

ಈಗ ಬರೆಯುವ ಮಾತು. ಬೆಂಕಿ, ಹೊಗೆ ದಾಟದಂತೆ ತಡೆಯುವ ಫೈರ್ ಡೋರ್‌ಗಳನ್ನೇ ತಗೊಳ್ಳಿ. ನೀವು ಬರೆದದ್ದು: ‘ಫೈರ್ ಡೋರ್‌ಗಳು ಇವೆ — ಹೌದು.’ ಬರೆಯಬೇಕಾದ್ದು ಹೀಗೆ: ‘3ನೇ ಮಹಡಿ, ಪೂರ್ವದ ಮೆಟ್ಟಿಲಿನ ಫೈರ್ ಡೋರ್. ಡೋರ್ ಕ್ಲೋಸರ್ (ಬಾಗಿಲನ್ನು ತಾನಾಗಿ ಮುಚ್ಚುವ ಸಾಧನ) ಕಳಚಿದೆ, ಮರದ ತುಂಡು ಕೊಟ್ಟು ಬಾಗಿಲು ತೆರೆದಿಟ್ಟಿದ್ದಾರೆ. ಈ ಮಹಡಿಯ ಪ್ಯಾಂಟ್ರಿಯಲ್ಲಿ ಬೆಂಕಿ ಬಿದ್ದರೆ ಹೊಗೆ ನೇರವಾಗಿ ಮೆಟ್ಟಿಲಿಗೆ ನುಗ್ಗುತ್ತದೆ. 4, 5, 6ನೇ ಮಹಡಿಯವರು ಈ ಕಡೆಯಿಂದ ಇಳಿಯಲಾರರು. ಮರದ ತುಂಡು ಇವತ್ತೇ ತೆಗೆಯಬೇಕು. ಕ್ಲೋಸರ್ ಒಂದು ವಾರದೊಳಗೆ. ಜವಾಬ್ದಾರಿ: ಮೇಂಟೆನೆನ್ಸ್ ಸೂಪರ್‌ವೈಸರ್.’ ಜೊತೆಗೆ ತಾರೀಖು, ಫೋಟೋ. ಕಟ್ಟಡ ಕಂಡೇ ಇಲ್ಲದವರು ಈ ಸಾಲು ಓದಿ ನೇರವಾಗಿ ಆ ಬಾಗಿಲಿಗೇ ಹೋಗಿ ನಿಲ್ಲುವಂತಿರಬೇಕು.

ಅಲ್ಲಿಗೇ ಬಿಡಬೇಡಿ. ಮರದ ತುಂಡು ಯಾಕಿತ್ತು ಅಂತ ಕೇಳಿ. ದಿನಕ್ಕೆ ಹತ್ತಾರು ಸಲ ಟ್ರಾಲಿ ಹೋಗುವ ಬಾಗಿಲಾದರೆ ನೀವು ತೆಗೆಸಿದ ತುಂಡು ಮರುದಿನ ಮತ್ತೆ ಬಂದಿರುತ್ತದೆ. ಅಲ್ಲಿಗೆ ಬಾಗಿಲನ್ನು ತೆರೆದು ಹಿಡಿದಿಟ್ಟು, ಅಲಾರಂ ಬಡಿದ ಕೂಡಲೇ ಮುಚ್ಚಿಕೊಳ್ಳಲು ಬಿಟ್ಟುಕೊಡುವ ಮ್ಯಾಗ್ನೆಟ್ ಹಾಕಿಸಿ. ‘ಸಿಬ್ಬಂದಿಗೆ ಎಚ್ಚರಿಕೆ ನೀಡಲಾಗಿದೆ’ ಅಂತ ಬರೆದು ಮುಗಿಸುವುದು ಪರಿಹಾರವಲ್ಲ, ಸೋಮಾರಿತನ.

ಸ್ಕೋರ್ ವಿಚಾರ. ಸಂಭವಕ್ಕೆ 1ರಿಂದ 5, ಪರಿಣಾಮಕ್ಕೆ 1ರಿಂದ 5, ಎರಡನ್ನೂ ಗುಣಿಸಿ ಬಣ್ಣ ಹಚ್ಚುವ ಆ ಕೋಷ್ಟಕ ನನಗೆ ಇಷ್ಟವಿಲ್ಲ. ನಿಮ್ಮ ರಿಪೋರ್ಟಿನಲ್ಲೇ ನೋಡಿ. ಹಿಂಬಾಗಿಲಿಗೆ ಬೀಗ ಅಂತ ನೀವೇ ಬರೆದಿದ್ದೀರಿ. ಬೆಂಕಿಯ ಸಂಭವ 1, ಪರಿಣಾಮ 5, ಒಟ್ಟು 5, ಹಸಿರು ಬಣ್ಣ! ಹೊರಗೆ ಹೋಗುವ ಬಾಗಿಲಿಗೆ ಬೀಗವಿದೆ, ರಿಸ್ಕ್ ಕಡಿಮೆ ಅಂತ ಯಾರಾದರೂ ಬಾಯಿಬಿಟ್ಟು ಹೇಳುತ್ತಾರಾ? ಇನ್ನು ‘ಸ್ಪ್ರಿಂಕ್ಲರ್ ಇರುವುದರಿಂದ’, ಅಂದರೆ ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಚಿಮ್ಮಿಸುವ ವ್ಯವಸ್ಥೆ ಇದೆ ಅಂತ, ಎರಡು ಅಂಕ ಇಳಿಸಿದ್ದೀರಿ. ಅದರ ವಾಲ್ವ್ ತೆರೆದಿದೆಯಾ ಅಂತ ನೋಡಿದಿರಾ? ಸ್ಪ್ರಿಂಕ್ಲರ್ ಕೈಕೊಟ್ಟ ಪ್ರಕರಣಗಳಲ್ಲಿ ಮುಖ್ಯ ಕಾರಣವೇ ಯಾರೋ ನೀರು ಬಂದ್ ಮಾಡಿಟ್ಟಿದ್ದು. ನೋಡದೆ ಇಳಿಸಿದ ಅಂಕಕ್ಕೆ ಬೆಲೆಯಿಲ್ಲ. ಅಂಕ ಹಾಕಲೇಬೇಕಾದರೆ ಹಾಕಿ, ಆದರೆ ಪಕ್ಕದಲ್ಲಿ ಎರಡು ಸಾಲು ಕಾರಣ ಬರೆಯಿರಿ.

ಒಳಗೆ ಯಾರಿರುತ್ತಾರೆ ಅನ್ನುವುದನ್ನೂ ಬರೆದಿಲ್ಲ. ಹಾಜರಿ ಪುಸ್ತಕದ ಲೆಕ್ಕ ಬೇಡ. ಅತಿ ಹೆಚ್ಚು ಜನ ಸೇರುವ ಹೊತ್ತಿನ ಲೆಕ್ಕ ಬೇಕು. ವೀಲ್‌ಚೇರ್‌ನಲ್ಲಿರುವವರನ್ನು ಇಳಿಸುವುದು ಯಾರು? ಕಿವಿ ಕೇಳದವರಿಗೆ ಅಲಾರಂ ಹೇಗೆ ತಿಳಿಯುತ್ತದೆ? ಮೊದಲ ಸಲ ಬಂದ ಗಿರಾಕಿ ತಾನು ಬಂದ ದಾರಿಯಲ್ಲೇ ವಾಪಸ್ ಓಡುತ್ತಾನೆ, ಹತ್ತಿರದ ಎಕ್ಸಿಟ್ ಹುಡುಕುವುದಿಲ್ಲ. ಅಂಗಡಿಗಳಿರುವ ಕಟ್ಟಡದಲ್ಲಿ ಮುಖ್ಯ ಬಾಗಿಲಿನ ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿ.

ಪತ್ರದ ಕೊನೆಗೆ ‘ತಪ್ಪುಗಳನ್ನೆಲ್ಲ ಬರೆದಿಟ್ಟರೆ ನಾಳೆ ನಮ್ಮ ಮೇಲೇ ತಿರುಗುವುದಿಲ್ಲವಾ’ ಅಂತ ಕೇಳಿದ್ದೀರಿ. ಈ ಬುದ್ಧಿ ಹೇಳಿಕೊಟ್ಟ ಸಲಹೆಗಾರರನ್ನು ಮೊದಲು ದೂರ ಇಡಿ. ತಪ್ಪು ಕಂಡೂ ಬರೆಯದೆ ಇದ್ದದ್ದು ಹೊರಬಿದ್ದರೆ ಅದು ಇನ್ನೂ ಕೆಟ್ಟದ್ದು. ಇಂಗ್ಲೆಂಡ್‌ನಲ್ಲಿ ಮೊದಲು ಐದಕ್ಕಿಂತ ಕಡಿಮೆ ಸಿಬ್ಬಂದಿ ಇದ್ದವರಿಗೆ ಸಾಮಾನ್ಯವಾಗಿ ಅಸೆಸ್‌ಮೆಂಟನ್ನು ಬರೆದಿಡುವ ಕಡ್ಡಾಯ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಆ ವಿನಾಯಿತಿ ಹೋಯಿತು. ಅಲ್ಲಿ ಚಿಕ್ಕ ಅಂಗಡಿಯವರೂ ಅಸೆಸ್‌ಮೆಂಟನ್ನು ಪೂರ್ತಿ ಬರೆದಿಡಬೇಕು. ಸರಿಪಡಿಸಿದ ತಪ್ಪಿನ ಸಾಲನ್ನೂ ಅಳಿಸಬೇಡಿ. ಅದರ ಕೆಳಗೆ ಮುಗಿದ ತಾರೀಖು, ಹೊಸ ಫೋಟೋ ಹಾಕಿ. ವರ್ಷಕ್ಕೊಮ್ಮೆ ಮಾಡಿದರೆ ಸಾಕು ಅಂತಲೂ ಕೂರಬೇಡಿ. ಬಾಡಿಗೆದಾರರು ಬದಲಾದರು, ಹೊಸ ಪಾರ್ಟಿಷನ್ ಎದ್ದಿತು, ಗೋಡೌನ್‌ಗೆ ಬೇರೆ ಸರಕು ಬಂತು ಅಂದರೆ ಹಳೆಯ ರಿಪೋರ್ಟು ಅವತ್ತಿಗೇ ಹಳಸಿತು.

ಉಳಿದ ಪ್ರಶ್ನೆಗಳು ಬೇಗ ಬೇಗ.

ಪ್ರಶ್ನೆ: ಒಂದು ಕಡೆ ಹೊಗೆಯಾದರೆ ಎಲ್ಲ ಸ್ಪ್ರಿಂಕ್ಲರ್ ಒಟ್ಟಿಗೆ ಸುರಿದು ಕಂಪ್ಯೂಟರ್ ಹಾಳಾಗುತ್ತವೆ ಅಲ್ವಾ?

ಉತ್ತರ: ಇಲ್ಲ. ಸಿನಿಮಾ ನೋಡುವುದು ಕಡಿಮೆ ಮಾಡಿ. ನಿಮ್ಮ ಆಫೀಸಿನಲ್ಲಿರುವಂಥ ಸ್ಪ್ರಿಂಕ್ಲರ್ ಹೊಗೆಗೆ ತೆರೆಯುವುದಿಲ್ಲ, ಬಿಸಿಗೆ ತೆರೆಯುತ್ತದೆ. ಅದರ ಕೆಂಪು ಗಾಜಿನ ಬಲ್ಬ್ 68 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಒಡೆಯುತ್ತದೆ, ಅಷ್ಟು ಬಿಸಿ ತಾಗಿದ್ದು ಮಾತ್ರ. ಅದಕ್ಕೆ ಪೇಂಟ್ ಬಳಿಯಬೇಡಿ, ಅದರ ಕೆಳಗೆ ಸುಮಾರು 45 ಸೆಂಟಿಮೀಟರ್‌ವರೆಗೆ ಏನನ್ನೂ ಪೇರಿಸಬೇಡಿ.

ಪ್ರಶ್ನೆ: ಕಳ್ಳತನದ ಭಯಕ್ಕೆ ಹಿಂಬಾಗಿಲಿಗೆ ಬೀಗ ಹಾಕಿ ಕೀ ಸೆಕ್ಯುರಿಟಿ ಹತ್ತಿರ ಕೊಟ್ಟಿದ್ದೇವೆ. ನಡೆಯುತ್ತಾ?

ಉತ್ತರ: ನಡೆಯಲ್ಲ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ 146 ಜನ ಸತ್ತರು. ಅಲ್ಲೂ ಮೆಟ್ಟಿಲಿನ ಬಾಗಿಲಿಗೆ ಬೀಗವಿತ್ತು. ಒಳಗಿನಿಂದ ತಳ್ಳಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿ, ತೆರೆದರೆ ಕೂಗುವ ಅಲಾರಂ ಜೋಡಿಸಿ. ಕಳ್ಳನೂ ಸಿಗುತ್ತಾನೆ.

ಪ್ರಶ್ನೆ: ಬೆಂಕಿ ಆರಿಸುವ ಸಿಲಿಂಡರ್‌ನ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲೇ ಇದೆ. ಸರ್ವೀಸ್ ಬೇಕಾ?

ಉತ್ತರ: ಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಮುಳ್ಳೇ ಇರುವುದಿಲ್ಲ, ಅದನ್ನು ತೂಗಿಯೇ ನೋಡಬೇಕು. ತಕ್ಕಡಿ ತರದೆ ಬರೀ ಸ್ಟಿಕ್ಕರ್ ಹಿಡಿದು ಬಂದವರನ್ನು ಗೇಟಿನಲ್ಲೇ ವಾಪಸ್ ಕಳಿಸಿ.

ಪ್ರಶ್ನೆ: ಮೆಟ್ಟಿಲ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡಬಹುದಾ?

ಉತ್ತರ: ಬೇಡವೇ ಬೇಡ.

ಪ್ರಶ್ನೆ: ಬೆಂಕಿ ಆರಿಸಲು ಅದರೊಳಗೆ ಎಸೆಯುವ ಚೆಂಡು ತಂದು ಇಟ್ಟರೆ ಉಳಿದದ್ದೆಲ್ಲ ಬೇಕಿಲ್ಲ ಅಂತ ಮಾರುವವರು ಹೇಳಿದರು.

ಉತ್ತರ: ಮಾರುವವರು ಇನ್ನೇನು ಹೇಳುತ್ತಾರೆ?

ಪ್ರಶ್ನೆ: ಕಟ್ಟಡದ ಫೋಟೋಗಳನ್ನು ಕಳಿಸಿದ್ದೇವೆ. ನೋಡಿ ಸಹಿ ಹಾಕಿ ಕೊಡುತ್ತೀರಾ?

ಉತ್ತರ: ಇಲ್ಲ. ಸೀಲಿಂಗ್ ಹಲಗೆ ಎತ್ತಿಸಿ ನೋಡದ ಕಟ್ಟಡಕ್ಕೆ ನಾನು ಸಹಿ ಹಾಕುವುದಿಲ್ಲ. ಅಂದ ಹಾಗೆ, ನೀವು ಕಳಿಸಿದ ನಾಲ್ಕನೇ ಫೋಟೋದಲ್ಲಿ ಎಕ್ಸಿಟ್ ಬೋರ್ಡಿನ ಕೆಳಗೇ ಫೋಟೋಕಾಪಿ ಮಷಿನ್ ಇದೆ. ಅದನ್ನು ಮೊದಲು ಅಲ್ಲಿಂದ ತೆಗೆಸಿ.