ಆಂಪ್ ಇಲ್ಲದೆ ಗಿಟಾರ್‌ನೊಳಗಿಂದಲೇ ರಿವರ್ಬ್ ಬರುತ್ತದೆ ಅಂತಾರಲ್ಲ, ಅದು ನಿಜವಾ? ಅಂಥದ್ದನ್ನು ತೆಗೆದುಕೊಳ್ಳಬಹುದಾ?

ನಿಜ. ರಿವರ್ಬ್ ಅಂದರೆ ದೊಡ್ಡ ಸಭಾಂಗಣದಲ್ಲಿ ನುಡಿಸಿದಾಗ ಸ್ವರದ ಹಿಂದೆ ಉಳಿಯುವ ಅನುರಣನ. ಅದಕ್ಕೆ ಆಂಪ್ ಬೇಡ, ಕೇಬಲ್ ಬೇಡ, ಹೆಡ್‌ಫೋನೂ ಬೇಡ. ಒಂದು ವರ್ಷದಿಂದ ಮನೆಯಲ್ಲಿ ಒಬ್ಬರೇ ನುಡಿಸುತ್ತಿದ್ದೀರಿ, ಎರಡನೇ ಗಿಟಾರ್ ಹುಡುಕುತ್ತಿದ್ದೀರಿ, ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಏನು ಗತಿ ಅಂತಲೂ ಕೇಳಿದ್ದೀರಿ. ನಾನು ಇಂಥ ಗಿಟಾರ್ ಅನ್ನು ಕೆಲವು ವರ್ಷಗಳಿಂದ ದಿನಾ ಎಂಬಂತೆ ನುಡಿಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿ ಇದೆಯಲ್ಲ, ಸ್ಯಾಡಲ್, ಅದರ ಕೆಳಗೆ ಒಂದು ಪೀಜೋ ಪಿಕಪ್ ಇರುತ್ತದೆ. ತಂತಿಯ ಕಂಪನವನ್ನು ಅದು ವಿದ್ಯುತ್ ಸಿಗ್ನಲ್ ಆಗಿ ಬದಲಿಸುತ್ತದೆ. ಇಲ್ಲಿವರೆಗೆ ಪಿಕಪ್ ಇರುವ ಸಾಮಾನ್ಯ ಅಕೂಸ್ಟಿಕ್ ಗಿಟಾರ್ ಥರವೇ. ಅಲ್ಲಿಂದ ಮುಂದೆ ಒಂದು ಚಿಕ್ಕ ಸರ್ಕ್ಯೂಟ್ ಆ ಸಿಗ್ನಲ್‌ಗೆ ರಿವರ್ಬ್ ಅಥವಾ ಕೋರಸ್ ಎಂಬ ಎಫೆಕ್ಟ್ ಸೇರಿಸಿ, ಗಿಟಾರ್‌ನ ಹಿಂಬದಿಯ ಹಲಗೆಗೆ ಒಳಗಡೆ ಕೂರಿಸಿದ ಎಕ್ಸೈಟರ್‌ಗೆ ಕಳಿಸುತ್ತದೆ. ಎಕ್ಸೈಟರ್ ಆ ಹಲಗೆಯನ್ನು ನಡುಗಿಸುತ್ತದೆ. ಹಲಗೆ ಒಳಗಿನ ಗಾಳಿಯನ್ನು ಅಲುಗಿಸುತ್ತದೆ. ಸೌಂಡ್‌ಹೋಲ್‌ನಿಂದ ತಂತಿಯ ಸದ್ದು, ಎಫೆಕ್ಟ್‌ನ ಸದ್ದು ಎರಡೂ ಕಲೆತು ಹೊರಬರುತ್ತವೆ. ಸ್ಪೀಕರ್‌ನಲ್ಲಿ ಕೋನ್ ಮಾಡುವ ಕೆಲಸವನ್ನು ಇಲ್ಲಿ ಗಿಟಾರ್‌ನ ಮೈಯೇ ಮಾಡುತ್ತದೆ. ಅದಕ್ಕೇ ಎಲ್ಲೋ ಮೂಲೆಯಿಂದ ಸದ್ದು ಬಂದಂತೆ ಅನಿಸುವುದಿಲ್ಲ.

ಇದನ್ನು ನನ್ನ ಮಾತಿನಿಂದ ನಂಬಬೇಕಿಲ್ಲ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಎಫೆಕ್ಟ್ ಆನ್ ಮಾಡಿ, ರಿವರ್ಬ್ ಪೂರ್ತಿ ಏರಿಸಿ. ಒಂದು ಜಿ ಕಾರ್ಡ್ ಜೋರಾಗಿ ಬಾರಿಸಿ. ತಕ್ಷಣ ಅಂಗೈಯಿಂದ ಆರೂ ತಂತಿ ಒತ್ತಿ ಹಿಡಿಯಿರಿ. ತಂತಿ ಸತ್ತಿರುತ್ತದೆ, ಕಾರ್ಡ್ ಮಾತ್ರ ಡಬ್ಬಿಯೊಳಗೆ ಇನ್ನೂ ತೇಲುತ್ತಾ ನಿಧಾನಕ್ಕೆ ಕರಗುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಕೈಯನ್ನು ಹಿಂಬದಿಗೆ ಮೆಲ್ಲಗೆ ತಾಗಿಸಿದರೆ ಹಲಗೆ ಜುಮ್ಮೆನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಹಾಗೆಯೇ ಗಿಟಾರ್ ಅನ್ನು ಹೊಟ್ಟೆಗೆ ಅವುಚಿ ಹಿಡಿದು ಬಾರಿಸಿ ನೋಡಿ, ಎಫೆಕ್ಟ್ ಮಂಕಾಗುತ್ತದೆ. ಹಿಂಬದಿಗೆ ಅಲುಗಾಡಲು ಜಾಗ ಬೇಕು. ಕೂರುವ ಭಂಗಿ ಕೊಂಚ ಬದಲಿಸಿ, ಮೈಗೂ ಗಿಟಾರ್‌ಗೂ ಸ್ವಲ್ಪ ಅಂತರ ಬಿಟ್ಟರೆ ಸಾಕು.

ಈಗ, ನಿಮಗೆ ಇದು ಬೇಕಾ? ಮನೆಯಲ್ಲಿ ಒಬ್ಬರೇ ನುಡಿಸುವವರಿಗೇ ಇದರಿಂದ ಜಾಸ್ತಿ ಲಾಭ ಅಂತ ನನ್ನ ಅನಿಸಿಕೆ. ವೇದಿಕೆಯಲ್ಲಿ ನುಡಿಸುವವರಿಗೆ ಮಿಕ್ಸರ್‌ನಲ್ಲೇ ರಿವರ್ಬ್ ಸಿಗುತ್ತದೆ. ಮನೆಯ ಕೋಣೆಯಲ್ಲಿ ಹಾಸಿಗೆ, ಪರದೆ, ಬಟ್ಟೆ ಎಲ್ಲ ಸೇರಿ ಸದ್ದನ್ನು ಕುಡಿದುಬಿಡುತ್ತವೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 17 ಮೀಟರ್ ದೂರದ ಗೋಡೆಗೆ ಬಡಿದು ವಾಪಸ್ ಬರಲು ಸುಮಾರು ಹತ್ತನೇ ಒಂದು ಸೆಕೆಂಡ್ ಬೇಕು. ದೊಡ್ಡ ಸಭಾಂಗಣದಲ್ಲಿ ಅಂಥ ಎಷ್ಟೋ ಪ್ರತಿಫಲನಗಳು ಒಂದರ ಮೇಲೊಂದು ಬೀಳುತ್ತವೆ. ಸಣ್ಣ ಕೋಣೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ದೂರವನ್ನೇ ಸರ್ಕ್ಯೂಟ್ ಲೆಕ್ಕ ಹಾಕಿ ಕೊಡುತ್ತದೆ.

ಅದರಿಂದ ನುಡಿಸುವ ರೀತಿಯೇ ಬದಲಾಗುತ್ತದೆ, ನನಗೆ ಮುಖ್ಯ ಅನಿಸುವುದು ಇದು. ರಿವರ್ಬ್ ಇಲ್ಲದಾಗ ನಡುವೆ ಸದ್ದು ಖಾಲಿಯಾಗುತ್ತದೆ ಅಂತ ನಮ್ಮ ಕೈ ಸುಮ್ನೆ ಸ್ಟ್ರಮ್ ಮಾಡುತ್ತಲೇ ಇರುತ್ತದೆ. ರಿವರ್ಬ್ ಇದ್ದಾಗ ಒಂದು ಸ್ವರ ಬಾರಿಸಿ ಕಾಯಬಹುದು. ಅದು ಮುಗಿಯುವುದನ್ನು ಕೇಳಿ ಮುಂದಿನದನ್ನು ಇಡಬಹುದು. ನಿಧಾನದ ಫಿಂಗರ್‌ಪಿಕಿಂಗ್ ಕಲಿಯುವವರಿಗೆ ಇದು ದೊಡ್ಡ ಉಪಕಾರ. ಹತ್ತು ನಿಮಿಷ ಅಂತ ಕೈಗೆತ್ತಿಕೊಂಡವರು ಒಂದು ಗಂಟೆ ಕೂರುತ್ತಾರೆ, ಯಾಕೆಂದರೆ ಕೇಳಲು ಹಿತವಾಗಿರುತ್ತದೆ. ಅಭ್ಯಾಸಕ್ಕೆ ಅದಕ್ಕಿಂತ ಇನ್ನೇನು ಬೇಕು, ಅಲ್ವಾ?

ಆದರೆ ಅದೇ ಹಿತ ತಪ್ಪನ್ನೂ ಮುಚ್ಚುತ್ತದೆ. ಸಿ ಇಂದ ಎಫ್‌ಗೆ ಹೋಗುವಾಗ ಬೆರಳು ತಡವಾದರೆ ಆ ಖಾಲಿ ಜಾಗವನ್ನು ಹಿಂದಿನ ಕಾರ್ಡ್‌ನ ಬಾಲ ತುಂಬಿಬಿಡುತ್ತದೆ. ಸರಿಯಾಗಿ ಒತ್ತದ ತಂತಿಯ ಕಿರಿಕಿರಿಯೂ ಸ್ವಲ್ಪ ಮರೆಯಾಗುತ್ತದೆ. ಹಾಗಾಗಿ ಹೊಸ ಕಾರ್ಡ್, ಹೊಸ ಸ್ಕೇಲ್ ಕಲಿಯುವಾಗ ಆಫ್ ಮಾಡಿಯೇ ಕಲಿಯಿರಿ. ಕೈ ಕೂತ ಮೇಲೆ ಆನ್ ಮಾಡಿ.

ಕೋರಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲ ಸದ್ದಿನ ನಕಲನ್ನು ಚೂರು ತಡವಾಗಿ, ಶ್ರುತಿಯಲ್ಲಿ ಚೂರೇ ಚೂರು ಅಲುಗಿಸಿ ಸೇರಿಸುತ್ತದೆ. ಹನ್ನೆರಡು ತಂತಿಯ ಗಿಟಾರ್‌ನ ನೆನಪು ತರುತ್ತದೆ. ಹದವಾಗಿ ಇಟ್ಟರೆ ಚೆಂದ, ಜಾಸ್ತಿಯಾದರೆ ತಲೆ ಸುತ್ತುತ್ತದೆ. ಡಿಲೇ, ಅಂದರೆ ಬಾರಿಸಿದ್ದನ್ನೇ ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಎಫೆಕ್ಟ್, ಇರುವ ಮಾಡೆಲ್ ಆದರೆ ಮಾತ್ರ ಲಯಕ್ಕೆ ಹೊಂದಿಸುವುದನ್ನು ಕಲಿಯಿರಿ. 60,000 ಅನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. 120 ಬಿಪಿಎಂಗೆ 500. ಅದರ ಮುಕ್ಕಾಲು ಪಾಲು, ಅಂದರೆ 375 ಇಟ್ಟು ಸರಳವಾಗಿ ಎಂಟನೇ ನೋಟ್‌ಗಳನ್ನು ಬಾರಿಸಿ ನೋಡಿ, ಇಬ್ಬರು ನುಡಿಸಿದಂತೆ ಕೇಳುತ್ತದೆ.

ಮಾಡೆಲ್‌ಗಳ ವಿಷಯಕ್ಕೆ ಬಂದರೆ, ಯಮಾಹಾ 2016ರಲ್ಲಿ ಟ್ರಾನ್ಸ್‌ಅಕೂಸ್ಟಿಕ್ ಅನ್ನುವ ಹೆಸರಿನಲ್ಲಿ ಇಂಥ ಗಿಟಾರ್‌ಗಳನ್ನು ತಂದಿತು. ಅವುಗಳಲ್ಲಿ ಪಕ್ಕದಲ್ಲಿ ಕೆಲವೇ ಗುಂಡಿ, ರಿವರ್ಬ್ ಮತ್ತು ಕೋರಸ್, ಎರಡು ಎಎ ಸೆಲ್. 2024ರ ಟ್ಯಾಗ್3 ಸಿ ಮಾಡೆಲ್‌ನಲ್ಲಿ ಡಿಲೇ, ಲೂಪರ್ (ನುಡಿಸಿದ ತುಣುಕನ್ನು ಮತ್ತೆ ಮತ್ತೆ ಕೇಳಿಸುವುದು), ಬ್ಲೂಟೂತ್, ಚಾರ್ಜ್ ಮಾಡುವ ಬ್ಯಾಟರಿ ಬಂದವು. ಇನ್ನೊಂದು ಕಂಪನಿಯ ಲಾವಾ ಮಿ 3 ಕಾರ್ಬನ್ ಫೈಬರ್‌ನದು, ಮೈ ಮೇಲೆ ಟಚ್ ಸ್ಕ್ರೀನ್ ಇದೆ. ನನ್ನ ಒಲವು ಕಡಿಮೆ ಗುಂಡಿ ಇರುವ ಮರದ ಗಿಟಾರ್ ಕಡೆಗೆ. ಸ್ಕ್ರೀನ್ ಇದ್ದರೆ ಅಭ್ಯಾಸದ ಅರ್ಧ ಹೊತ್ತು ಮೆನು ಒತ್ತುವುದರಲ್ಲೇ ಕಳೆಯುತ್ತದೆ. ಲೂಪರ್ ಬೇಕೇ ಬೇಕು ಅನ್ನುವವರ ಮಾತು ಬೇರೆ.

ಯಾವುದೇ ಇರಲಿ, ಕೊಳ್ಳುವಾಗ ಒಂದು ಕ್ರಮ ಪಾಲಿಸಿ. ಮೊದಲು ಎಫೆಕ್ಟ್ ಆಫ್ ಮಾಡಿ ಪೂರ್ತಿ ನುಡಿಸಿ. ಪ್ರತಿ ತಂತಿ, ಪ್ರತಿ ಫ್ರೆಟ್. ಆಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಯ ಎತ್ತರ, ನಿಮ್ಮ ಬೆರಳಿಗೆ ಹಿಡಿಸುತ್ತದಾ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ನಿಲ್ಲುತ್ತದಾ ನೋಡಿ. ಆ ಸದ್ದೇ ಇಷ್ಟವಾಗದಿದ್ದರೆ ಗುಂಡಿ ಮುಟ್ಟಲೇ ಹೋಗಬೇಡಿ, ಕೆಳಗಿಡಿ. ಅಂಗಡಿಯವರು ಎಫೆಕ್ಟ್ ಆನ್ ಮಾಡಿಯೇ ಕೈಗೆ ಕೊಡುವುದುಂಟು, ಆಗ ಯಾವ ಗಿಟಾರೂ ಚೆಂದವೇ.

ಇನ್ನೆರಡು ವಿಷಯ. ನೀವು ಹಾಡುವವರಾದರೆ ದನಿಗೆ ರಿವರ್ಬ್ ಸಿಗುವುದಿಲ್ಲ, ಪಿಕಪ್ ಕೇಳಿಸಿಕೊಳ್ಳುವುದು ತಂತಿಯನ್ನು ಮಾತ್ರ. ಗಿಟಾರ್ ತೇಲುತ್ತಿದ್ದು ದನಿ ಒಣಗಿದಂತೆ ಇದ್ದರೆ ಎರಡೂ ಬೇರೆ ಬೇರೆ ಕೋಣೆಯಿಂದ ಬಂದಂತಿರುತ್ತದೆ. ಹಾಡುವಾಗ ರಿವರ್ಬ್ ಇಳಿಸಿ. ಮೈಕ್ ಇಟ್ಟು ರೆಕಾರ್ಡ್ ಮಾಡುವಾಗಲಂತೂ ಎಚ್ಚರ. ಎಫೆಕ್ಟ್ ಗಾಳಿಯಲ್ಲೇ ಬೆರೆತಿರುವುದರಿಂದ ಆಮೇಲೆ ಅದನ್ನು ಬೇರ್ಪಡಿಸಲು ಕಷ್ಟ.

ಕೊನೆಗೆ ಕೆಡುವ ಪ್ರಶ್ನೆ. ಸೆಲ್ ಮುಗಿದರೆ, ಸರ್ಕ್ಯೂಟ್ ಕೈಕೊಟ್ಟರೆ, ಮರದ ಗಿಟಾರ್ ಮಾಮೂಲಿ ಅಕೂಸ್ಟಿಕ್ ಆಗಿ ಕೆಲಸ ಮಾಡುತ್ತದೆ. ತಂತಿ, ಹಲಗೆ, ಸೌಂಡ್‌ಹೋಲ್ ಎಲ್ಲ ಅಲ್ಲೇ ಇರುತ್ತವಲ್ಲ. ವಾರಗಟ್ಟಲೆ ನುಡಿಸುವುದಿಲ್ಲ ಅಂದರೆ ಸೆಲ್ ತೆಗೆದಿಡಿ, ಸೋರಿದರೆ ಸಂಪರ್ಕದ ತಗಡು ಹಾಳಾಗುತ್ತದೆ. ಅಂದ ಹಾಗೆ, ನಿಮ್ಮ ಈಗಿನ ಗಿಟಾರ್ ಸದ್ದು ಇಷ್ಟವಿದ್ದು, ಅದರಲ್ಲಿ ಪಿಕಪ್ ಇದ್ದರೆ ಹೊಸದೇ ಬೇಕಿಲ್ಲ. ಟೋನ್‌ವುಡ್ ಆಂಪ್ ಅನ್ನುವ ಸಾಧನ ಮ್ಯಾಗ್ನೆಟ್‌ನಿಂದ ಹಿಂಬದಿಗೆ ಅಂಟಿಕೊಂಡು ಇದೇ ಕೆಲಸ ಮಾಡುತ್ತದೆ. ಹಿಂಬದಿಗೆ ಒಂದಿಷ್ಟು ತೂಕ ಸೇರುತ್ತದೆ, ಆದರೆ ನೀವು ಒಗ್ಗಿಕೊಂಡಿರುವ ಗಿಟಾರೇ ಕೈಯಲ್ಲಿರುತ್ತದೆ. ಈಗಿರುವ ಗಿಟಾರ್ ಯಾವುದು, ಪಿಕಪ್ ಇದೆಯಾ ಅಂತ ತಿಳಿಸಿ, ಎರಡರಲ್ಲಿ ಯಾವುದು ಸರಿ ಅಂತ ಆಗ ಖಚಿತವಾಗಿ ಹೇಳಬಹುದು.